2.20 ಅಂದರೆ ಎರಡೂವರೆ ಎಕರೆ: ಇದನ್ನು ಯಂತ್ರಕ್ಕೆ ಬರೆದುಕೊಡುವವರು ಯಾರು?

ಪಹಣಿಯ ವಿಸ್ತೀರ್ಣದ ಕಾಲಂನಲ್ಲಿ 2.20 ಎಂದಿದ್ದರೆ ಎಷ್ಟು ಜಮೀನು? ಸಮೇತನಹಳ್ಳಿಯಲ್ಲಿ ಯಾರನ್ನು ಕೇಳಿದರೂ ಉತ್ತರ ಒಂದೇ. ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಸ್ಕೂಲಿಗೆ ಹೋಗದ ಅಜ್ಜಿಗೂ ಇದು ಗೊತ್ತು.

ಆದರೆ ಸ್ಕೂಲಿನ ಗಣಿತದಲ್ಲಿ 2.20 ಅಂದರೆ 2.2. ಆ ಲೆಕ್ಕ ಹಿಡಿದರೆ ಜಮೀನು ಎರಡು ಎಕರೆ ಎಂಟು ಗುಂಟೆ ಮಾತ್ರ. ಹನ್ನೆರಡು ಗುಂಟೆ ಮಾಯ. ಒಂದು ಗುಂಟೆಗೆ 1,089 ಚದರ ಅಡಿಯಂತೆ ಹನ್ನೆರಡು ಗುಂಟೆಗೆ 13,068 ಚದರ ಅಡಿ. ನಮ್ಮ ಅನುಗೊಂಡನಹಳ್ಳಿ ಹೋಬಳಿಯಂಥ ಕಡೆ, ವೈಟ್‌ಫೀಲ್ಡ್ ಬಾಗಿಲಿಗೇ ಬಂದು ನಿಂತಿರುವಾಗ, 30x40ರ ಹತ್ತು ಸೈಟಿನಷ್ಟು ಜಾಗ ಒಂದು ಚುಕ್ಕೆಯಲ್ಲಿ ಹೋಯಿತು.

ಕೂಡುವ ಲೆಕ್ಕ ಇನ್ನೂ ಕಷ್ಟ. ಅಣ್ಣನದು 1.30, ತಮ್ಮನದು 0.20. ನಮ್ಮ ಲೆಕ್ಕಕ್ಕೆ ಒಟ್ಟು 2.10, ಅಂದರೆ ಎರಡು ಎಕರೆ ಹತ್ತು ಗುಂಟೆ. ಕ್ಯಾಲ್ಕುಲೇಟರ್ ಹೇಳುವುದು 1.50. ನಲವತ್ತು ಗುಂಟೆಗೆ ಎಕರೆ ಮುಗಿಯಿತು ಅನ್ನುವುದು ಅದಕ್ಕೆ ಗೊತ್ತಿಲ್ಲ. ಯಾರೂ ಹೇಳಿಲ್ಲ.

ಈ ಸಣ್ಣ ಲೆಕ್ಕವನ್ನು ಇಷ್ಟು ಎಳೆಯುತ್ತಿರುವುದಕ್ಕೆ ಕಾರಣವಿದೆ. ಇನ್ನು ಮುಂದೆ ನಮ್ಮ ಕಾಗದಪತ್ರ ನೋಡಲು ಹೊರಟಿರುವುದು ಕ್ಯಾಲ್ಕುಲೇಟರ್ ಅಲ್ಲ, ಎಐ ಏಜೆಂಟ್.

ಇದು ಬೇರೆ ಏಜೆಂಟ್

ಹೊಸಕೋಟೆ ಕಡೆ ಏಜೆಂಟ್ ಅಂದರೆ ಜನಕ್ಕೆ ಮೊದಲು ನೆನಪಾಗುವುದು ಸೈಟು ತೋರಿಸುವವರು, ಆಮೇಲೆ ಆರ್‌ಟಿಓ ಆಫೀಸಿನ ಮುಂದೆ ಕೂರುವವರು. ಎಐ ಏಜೆಂಟ್ ಕೂಡ ಒಂದು ರೀತಿ ಅದೇ ಕೆಲಸದ್ದು. ನಿಮ್ಮ ಪರವಾಗಿ ಓಡಾಡುತ್ತದೆ, ಆದರೆ ಓಡಾಡುವುದು ಫೋನಿನೊಳಗೆ.

ಇಲ್ಲಿಯವರೆಗೆ ನಾವು ಕಂಡ ಚಾಟ್‌ಬಾಟ್ ಪ್ರಶ್ನೆಗೆ ಉತ್ತರ ಹೇಳುತ್ತಿತ್ತು, ಅಷ್ಟೆ. ಏಜೆಂಟ್ ಒಂದು ಹೆಜ್ಜೆ ಮುಂದೆ. ‘ನನ್ನ ಪಹಣಿ ತೆಗೆದು ನೋಡು, ಸಾಲ ಇನ್ನೂ ತೋರಿಸ್ತಿದೆಯಾ ಹೇಳು’ ಅಂದರೆ ಅದು ಬೇರೆ ತಂತ್ರಾಂಶಕ್ಕೆ ಹೋಗಿ, ವಿವರ ತುಂಬಿ, ಬಂದದ್ದನ್ನು ಓದಿ ಹೇಳಬಲ್ಲದು. ಅನುಮತಿ ಕೊಟ್ಟರೆ ಅರ್ಜಿಯನ್ನೂ ಹಾಕಬಲ್ಲದು.

ಹೀಗೆ ಅದು ಬಳಸುವ ಒಂದೊಂದು ತಂತ್ರಾಂಶದ ತುಣುಕಿಗೆ ‘ಟೂಲ್’ ಅನ್ನುತ್ತಾರೆ. ನಮ್ಮ ಮಾತಲ್ಲಿ ಹೇಳುವುದಾದರೆ ಹತಾರ. ಏಜೆಂಟ್ ಮತ್ತು ಹತಾರಗಳನ್ನು ಜೋಡಿಸಲು 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್, ಅಂದರೆ ಎಂಸಿಪಿ, ಎಂಬ ಪದ್ಧತಿಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಓಪನ್‌ಎಐ, ಗೂಗಲ್, ಮೈಕ್ರೋಸಾಫ್ಟ್ ಕೂಡ ಅದನ್ನು ಒಪ್ಪಿಕೊಂಡವು. ಬೇರೆ ಬೇರೆ ಕಂಪನಿಯ ಫೋನಿಗೆ ಒಂದೇ ಚಾರ್ಜರ್ ಬಂದ ಹಾಗೆ.

ಈ ಪದ್ಧತಿಯಲ್ಲಿ ಏಜೆಂಟ್ ಕೈಗೆ ಒಂದು ಪಟ್ಟಿ ಸಿಗುತ್ತದೆ. ಪ್ರತಿ ಹತಾರಕ್ಕೂ ಒಂದು ಹೆಸರು, ನಾಲ್ಕು ಸಾಲಿನ ವಿವರಣೆ, ಏನೇನು ಮಾಹಿತಿ ಕೊಡಬೇಕು ಎಂಬ ವಿವರ. ಯಾವ ಹತಾರ ಎತ್ತಬೇಕು, ಅದರಲ್ಲಿ ಏನು ತುಂಬಬೇಕು, ಬಂದ ಉತ್ತರಕ್ಕೆ ಏನು ಅರ್ಥ, ಎಲ್ಲವನ್ನೂ ಅದು ಹೆಚ್ಚಾಗಿ ಆ ನಾಲ್ಕು ಸಾಲು ಓದಿಯೇ ತೀರ್ಮಾನಿಸುತ್ತದೆ.

ಹಾಗಾಗಿ ನಾವು ಹೇಳುವುದು ಇಷ್ಟು: ಆ ನಾಲ್ಕು ಸಾಲು ಎಂಜಿನಿಯರ್‌ಗಳ ಒಳಮನೆಯ ವಿಷಯವಲ್ಲ, ಹಳ್ಳಿಯವರ ಹಕ್ಕಿನ ವಿಷಯ. ಅದನ್ನು ಸರಿಯಾಗಿ ಬರೆಯಬೇಕು, ಊರಿನ ಲೆಕ್ಕ ಗೊತ್ತಿರುವವರನ್ನು ಕೂರಿಸಿಕೊಂಡು ಬರೆಯಬೇಕು.

ಎಲ್ಲವೂ ಬಾಯಲ್ಲೇ ಇದೆ

ಕರ್ನಾಟಕಕ್ಕೆ ಕಂಪ್ಯೂಟರ್ ಹೊಸದಲ್ಲ. 2000ದ ಆಸುಪಾಸಿನಲ್ಲೇ ‘ಭೂಮಿ’ ಯೋಜನೆ ಬಂದು, 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಗ್ರಾಮ ಲೆಕ್ಕಿಗರ ಕೈಬರಹದ ಪಹಣಿ ಹೋಗಿ ಅಚ್ಚಿನ ಪಹಣಿ ಬಂತು. ದೇಶವೇ ತಿರುಗಿ ನೋಡಿದ ಕೆಲಸ ಅದು.

ಆಮೇಲೆ ಒಂದರ ಹಿಂದೆ ಒಂದು ಬಂದವು. ನೋಂದಣಿಗೆ ಕಾವೇರಿ, ಸರ್ವೆ ಮತ್ತು ಪೋಡಿಗೆ ಮೋಜಿಣಿ, ಪಂಚಾಯಿತಿ ಆಸ್ತಿಗೆ ಇ-ಸ್ವತ್ತು, ರೈತರ ನೋಂದಣಿಗೆ ಫ್ರೂಟ್ಸ್, ಸಾವಿರ ಸೇವೆಗೆ ಸೇವಾಸಿಂಧು. ಹೆಸರು ಕೇಳಿದರೆ ಸಾಕು, ಯಾವ ಆಫೀಸಿನ ಮುಂದೆ ನಿಂತಿದ್ದೆವು ಎಂಬುದು ಜನಕ್ಕೆ ನೆನಪಾಗುತ್ತದೆ.

ಇವನ್ನೆಲ್ಲ ಹಳ್ಳಿಯಲ್ಲಿ ನಡೆಸುತ್ತಿರುವವರು ಯಾರು? ಗ್ರಾಮ ಒನ್ ಕೇಂದ್ರದ ಹುಡುಗ, ಸೈಬರ್ ಸೆಂಟರ್‌ನ ಹುಡುಗಿ, ಪಂಚಾಯಿತಿಯ ಡಾಟಾ ಎಂಟ್ರಿ ಆಪರೇಟರ್. ಅವರಿಗೆ ಗೊತ್ತಿರುವುದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಒಂದು ಉದಾಹರಣೆ. ಭೂಮಿ ವೆಬ್‌ಸೈಟ್‌ನಲ್ಲಿ ಪಹಣಿ ನೋಡಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಆದ ಮೇಲೆ ‘ಸರ್ನೋಕ್’ ಎಂಬ ಖಾನೆ ಬರುತ್ತದೆ. ಹಾಗೆಂದರೇನು ಎಂದು ನೂರು ಜನರನ್ನು ಕೇಳಿ ನೋಡಿ. ಆದರೆ ಕೇಂದ್ರದಲ್ಲಿ ಕೂತವರು ಮಾತಾಡದೆ ಅಲ್ಲಿರುವ ನಕ್ಷತ್ರದ ಗುರುತನ್ನು ಒತ್ತುತ್ತಾರೆ. ಹೆಚ್ಚಿನ ಸರ್ವೆ ನಂಬರುಗಳಿಗೆ ಅಲ್ಲಿ ಇರುವುದು ಅದೇ. ಹಿಸ್ಸಾ ಆಗದ ಜಮೀನಿಗೆ ಹಿಸ್ಸಾ ಖಾನೆಯಲ್ಲೂ ನಕ್ಷತ್ರ. ಒಬ್ಬರು ಇನ್ನೊಬ್ಬರಿಗೆ ಹೇಳಿಕೊಟ್ಟ ವಿದ್ಯೆ ಇದು.

ಇಂಥವು ಇನ್ನೂ ಎಷ್ಟೋ ಇವೆ. ಪಹಣಿಯಲ್ಲಿ ‘ಕೆಂಪಮ್ಮ ಕೋಂ ಮುನಿಯಪ್ಪ’ ಎಂದಿದ್ದರೆ ‘ಕೋಂ’ ಅಂದರೆ ಹೆಂಡತಿ, ‘ಬಿನ್’ ಅಂದರೆ ಮಗ. ಅದು ಹೆಸರಿನ ಭಾಗವಲ್ಲ. ಆಧಾರ್‌ನಲ್ಲಿ ಬರೀ ‘ಕೆಂಪಮ್ಮ’ ಇದೆ ಎಂದು ಯಂತ್ರ ‘ಇಬ್ಬರೂ ಬೇರೆ’ ಅಂದುಬಿಟ್ಟರೆ? ಸರ್ವೆ ನಂಬರ್ 12/3 ಎಂದು ಎಕ್ಸೆಲ್‌ನಲ್ಲಿ ಟೈಪ್ ಮಾಡಿದವರಿಗೆ ಗೊತ್ತು, ಅದು ತಾನೇ ತಾರೀಖಾಗಿ ಬದಲಾಗಿ ಕೂತಿರುತ್ತದೆ.

ಇನ್ನು ‘ಖಾತೆ’ ಎಂಬ ಒಂದು ಪದ ನೋಡಿ. ಬ್ಯಾಂಕಿನಲ್ಲಿ ಖಾತೆ, ಪಂಚಾಯಿತಿಯಲ್ಲಿ ಖಾತೆ, ಪಹಣಿಯಲ್ಲಿ ಖಾತಾ ನಂಬರ್, ವಿಧಾನಸೌಧದಲ್ಲಿ ಮಂತ್ರಿಗಳಿಗೂ ಖಾತೆ! ಒಂದು ಹತಾರ ‘ಖಾತೆ ಸಂಖ್ಯೆ ಕೊಡಿ’ ಎಂದಷ್ಟೇ ಕೇಳಿದರೆ ಏಜೆಂಟ್ ಯಾವುದನ್ನು ಕೊಡಬೇಕು? ನಮಗೆ ಜಾಗ ನೋಡಿದರೆ ಅರ್ಥವಾಗುತ್ತದೆ. ಬ್ಯಾಂಕಿನ ಕೌಂಟರ್ ಮುಂದೆ ನಿಂತು ಯಾರೂ ಇ-ಸ್ವತ್ತು ಕಾಗದ ತೋರಿಸುವುದಿಲ್ಲ. ಯಂತ್ರಕ್ಕೆ ಕೌಂಟರೂ ಇಲ್ಲ, ಬೋರ್ಡೂ ಇಲ್ಲ. ಬರೆದ ಪದ ಮಾತ್ರ ಇದೆ.

‘ಬುದ್ಧಿ ಇದೆಯಲ್ಲ, ತಾನೇ ತಿಳಿದುಕೊಳ್ಳಲಿ’

ಹೀಗೆ ಹೇಳುವವರಿದ್ದಾರೆ. ಎಐ ಅಷ್ಟೊಂದು ಓದಿದೆ, ಎಕರೆ-ಗುಂಟೆ ಗೊತ್ತಿಲ್ಲವೇ ಎಂದು ಕೇಳುತ್ತಾರೆ.

ಗೊತ್ತಿರಬಹುದು. ಎಕರೆಗೆ ಎಷ್ಟು ಗುಂಟೆ ಎಂದು ಕೇಳಿದರೆ ನಲವತ್ತು ಅಂತಲೇ ಹೇಳೀತು. ಆದರೆ ಈ ಕಾಲಂನಲ್ಲಿ, ಈ ತಂತ್ರಾಂಶದಲ್ಲಿ, ಚುಕ್ಕೆಯ ಆಚೆ ಇರುವುದು ಗುಂಟೆಯೋ ದಶಾಂಶವೋ ಎಂದು ಅದು ಹೇಗೆ ತಿಳಿಯಬೇಕು? ಒಂದು ತಂತ್ರಾಂಶ ಗುಂಟೆಯಲ್ಲಿ ಕೊಡುತ್ತದೆ, ಇನ್ನೊಂದು ಹೆಕ್ಟೇರ್‌ನಲ್ಲಿ ಕೊಡುತ್ತದೆ. ಅದು ಊಹೆ ಮಾಡುತ್ತದೆ. ಊಹೆ ಎಂದು ಹೇಳದೆ, ಖಚಿತ ದನಿಯಲ್ಲೇ ಉತ್ತರ ಕೊಟ್ಟುಬಿಡಬಹುದು. ತೊಂದರೆ ಇರುವುದು ಅಲ್ಲಿ. ಸೆಂಟರ್ ಹುಡುಗ ಗೊತ್ತಾಗದಿದ್ದರೆ ತಲೆ ಕೆರೆದುಕೊಂಡು ‘ತಡೀರಿ ಅಣ್ಣ, ವಿಎ ಅವರನ್ನ ಕೇಳ್ತೀನಿ’ ಅನ್ನುತ್ತಾನೆ.

ಬುದ್ಧಿವಂತರೂ ಇಲ್ಲಿ ಎಡವಿದ್ದಾರೆ. ಅಮೆರಿಕದ ನಾಸಾ ಮಂಗಳ ಗ್ರಹಕ್ಕೆ ಕಳಿಸಿದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್‌ನಲ್ಲಿ ಕೈತಪ್ಪಿತು. ಕಾರಣ, ಒಂದು ತಂಡದ ತಂತ್ರಾಂಶ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತ್ತು, ಇನ್ನೊಂದು ತಂಡದ ತಂತ್ರಾಂಶ ಅದನ್ನು ನ್ಯೂಟನ್ ಲೆಕ್ಕ ಎಂದು ಓದಿತ್ತು. ರಾಕೆಟ್ ವಿಜ್ಞಾನಿಗಳಿಗೇ ಹೀಗಾಗುವುದಾದರೆ ನಮ್ಮ ಎಕರೆ-ಗುಂಟೆಗೆ ಏನು ಭರವಸೆ?

‘ಮಾಹಿತಿ ಇಲ್ಲ’ ಎಂಬ ಸುಳ್ಳು

ಇದಕ್ಕಿಂತ ನಾವು ಹೆಚ್ಚು ಹೆದರುವುದು ಇನ್ನೊಂದಕ್ಕೆ. ತಂತ್ರಾಂಶ ‘ಮಾಹಿತಿ ಲಭ್ಯವಿಲ್ಲ’ ಎಂದು ತೋರಿಸಿದರೆ ಏನರ್ಥ? ಸರ್ವರ್ ಬಿದ್ದಿರಬಹುದು. ಹಿಸ್ಸಾ ತಪ್ಪಿರಬಹುದು. ಹೋಬಳಿ ತಪ್ಪಿರಬಹುದು. ನಿಜಕ್ಕೂ ದಾಖಲೆ ಇಲ್ಲದೆಯೂ ಇರಬಹುದು. ನಾಲ್ಕಕ್ಕೂ ಒಂದೇ ಸಾಲು.

ಕೇಂದ್ರದಲ್ಲಿರುವವರು ‘ಸರ್ವರ್ ಇಲ್ಲಮ್ಮ, ಮಧ್ಯಾಹ್ನ ಬಾ’ ಅನ್ನುತ್ತಾರೆ. ಬೆಳಗ್ಗೆಯಿಂದ ಹತ್ತು ಜನಕ್ಕೆ ಬರಲಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ. ಏಜೆಂಟ್‌ಗೆ ಆ ಹತ್ತು ಜನ ಕಾಣುವುದಿಲ್ಲ. ಅದು ಒಬ್ಬ ಒಂಟಿ ಹೆಂಗಸಿಗೆ ‘ನಿಮ್ಮ ಹೆಸರಿನಲ್ಲಿ ಜಮೀನು ಇಲ್ಲ’ ಎಂದು ಹೇಳಿಬಿಟ್ಟರೆ? ಆ ಮಾತು ಕೇಳಿ ಆಕೆ ಬೆಳೆ ಪರಿಹಾರದ ಅರ್ಜಿಯನ್ನೇ ಹಾಕದೆ ಕೂತರೆ? ಅದಕ್ಕೆ ಹೊಣೆ ಯಾರು?

ಅದೇ ರೀತಿ, ಒಮ್ಮೆ ಉತ್ತರ ಬರಲಿಲ್ಲ ಎಂದು ಏಜೆಂಟ್ ಅದೇ ಅರ್ಜಿಯನ್ನು ಮತ್ತೆ ಕಳಿಸಬಹುದು. ಎರಡನೇ ಸಲ ಕಳಿಸಿದರೆ ಎರಡು ಸಲ ದುಡ್ಡು ಕಟ್ ಆಗುತ್ತದೋ, ಎರಡು ಅರ್ಜಿ ಆಗುತ್ತವೋ, ಅಥವಾ ಮೊದಲಿನದೇ ಉಳಿಯುತ್ತದೋ? ಬರೆದಿಟ್ಟಿದ್ದರೆ ಗೊತ್ತಾಗುತ್ತದೆ.

ಹಾಗಾದರೆ ಹೇಗೆ ಬರೆಯಬೇಕು?

ನಾವೇ ಒಂದು ಮಾದರಿ ಮಾಡಿ ತೋರಿಸುತ್ತೇವೆ. ಇದು ಯಾವ ಇಲಾಖೆಯದೂ ಅಲ್ಲ, ಬರೀ ಉದಾಹರಣೆ. ಪಹಣಿ ತೋರಿಸುವ ಒಂದು ಹತಾರಕ್ಕೆ ಅವಸರದಲ್ಲಿ ಬರೆದ ವಿವರಣೆ ಹೀಗಿರುತ್ತದೆ:

‘ಪಹಣಿ ಪಡೆಯಲು. ಗ್ರಾಮ, ಸರ್ವೆ ಸಂಖ್ಯೆ, ಹಿಸ್ಸಾ ನೀಡಿ.’

ಈಗ ಇದನ್ನು ಊರಿನ ಲೆಕ್ಕ ಗೊತ್ತಿರುವವರು ಬರೆದರೆ:

‘ಈ ಹತಾರ ಕೃಷಿ ಜಮೀನಿನ ಪಹಣಿಯನ್ನು ತೋರಿಸುತ್ತದೆ. ಏನನ್ನೂ ಬದಲಿಸುವುದಿಲ್ಲ, ಹಣ ಕೇಳುವುದಿಲ್ಲ. ಪಂಚಾಯಿತಿ ವ್ಯಾಪ್ತಿಯ ಮನೆ, ನಿವೇಶನಕ್ಕೆ ಇದನ್ನು ಬಳಸಬೇಡಿ, ಅವು ಇ-ಸ್ವತ್ತಿನಲ್ಲಿ ಇವೆ. ಗ್ರಾಮದ ಹೆಸರು ಸಾಲದು, ತಾಲ್ಲೂಕು ಮತ್ತು ಹೋಬಳಿ ಬೇಕು, ಒಂದೇ ಹೆಸರಿನ ಊರುಗಳು ಹಲವು ಇವೆ. ಸರ್ವೆ ನಂಬರನ್ನು ಪದದಂತೆ ತೆಗೆದುಕೊಳ್ಳಿ, ತಾರೀಖು ಅಥವಾ ಭಿನ್ನರಾಶಿ ಎಂದು ಓದಬೇಡಿ. ಹಿಸ್ಸಾ ಇಲ್ಲದಿದ್ದರೆ ನಕ್ಷತ್ರ ಹಾಕಿ. ವಿಸ್ತೀರ್ಣ ಎಕರೆ-ಗುಂಟೆಯಲ್ಲಿದೆ: 2.20 ಎಂದರೆ 2 ಎಕರೆ 20 ಗುಂಟೆ, ದಶಾಂಶವಲ್ಲ. ಮಾಲೀಕರ ಹೆಸರು 9ನೇ ಕಾಲಂನಲ್ಲಿ, ಸಾಲ ಮತ್ತು ಋಣದ ವಿವರ 11ನೇ ಕಾಲಂನಲ್ಲಿ ಇರುತ್ತದೆ. ಉತ್ತರ ಬಾರದಿದ್ದರೆ ಜಮೀನು ಇಲ್ಲ ಎಂದು ಹೇಳಬೇಡಿ, ಸರ್ವರ್ ತೊಂದರೆಯೋ ತಪ್ಪು ನಂಬರೋ ಎಂಬುದನ್ನು ತಪ್ಪಿನ ಸಂದೇಶ ನೋಡಿ ತಿಳಿಸಿ.’

ಎರಡನೆಯದು ಉದ್ದ ನಿಜ. ಆದರೆ ಓದಿ ನೋಡಿ, ಇದರಲ್ಲಿ ಯಂತ್ರಕ್ಕೆ ಮಾತ್ರ ಅರ್ಥವಾಗುವ ಒಂದು ಪದವೂ ಇಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಆಪರೇಟರ್‌ಗೂ ಇದೇ ಬೇಕು. ಪಿಯುಸಿ ಓದುವ ನಿಮ್ಮ ಮಗಳಿಗೂ ಇದು ಸಾಕು. ‘ಮನುಷ್ಯರಿಗೇ ಬರೆದುಕೊಡದವರು ಯಂತ್ರಕ್ಕೆ ಯಾಕೆ ಬರೆಯಬೇಕು’ ಎಂದು ಕೇಳುವವರಿಗೆ ನಮ್ಮ ಉತ್ತರ ಇದೇ. ಯಂತ್ರದ ನೆಪದಲ್ಲಾದರೂ ಬರೆಯಲಿ, ಮನುಷ್ಯರೂ ಓದಿಕೊಳ್ಳುತ್ತೇವೆ.

ಗಮನಿಸಿ, ಮಾದರಿಯಲ್ಲಿ ಹತಾರ ಏನು ಮಾಡುವುದಿಲ್ಲ, ಎಲ್ಲಿ ಬಳಸಬಾರದು ಎಂಬುದೂ ಇದೆ. ಇದು ನಮ್ಮವರಿಗೆ ಹೊಸ ವಿದ್ಯೆಯೇನಲ್ಲ. ಯಾವ ಕ್ರಯಪತ್ರ ತೆಗೆದರೂ ಚಕ್ಕುಬಂದಿ ಇರುತ್ತದೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಕೆರೆ ಅಂಗಳ. ಬರೆಯುವಾಗ ಅಕ್ಕಪಕ್ಕದವರಿಗೆಲ್ಲ ಗಡಿ ಗೊತ್ತಿರುತ್ತದೆ. ಆದರೂ ಬರೆಯುವುದು ಯಾಕೆ? ಐವತ್ತು ವರ್ಷದ ಮೇಲೆ ಊರು ಗೊತ್ತಿಲ್ಲದ ಯಾರೋ ಓದಿದರೂ ತಿಳಿಯಲಿ ಎಂದು.

ಹಳೆಯ ದಾನ ಶಾಸನಗಳಲ್ಲೂ ಹೀಗೆ ದಿಕ್ಕು ಹೇಳಿ ಎಲ್ಲೆ ಕಟ್ಟುವ ರೂಢಿ ಇತ್ತು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟದಲ್ಲಿ ನಮ್ಮ ಹೊಸಕೋಟೆ ತಾಲ್ಲೂಕಿನ ಶಾಸನಗಳೂ ಇವೆ. ಕಲ್ಲಿನ ಮೇಲೆ ಅಕ್ಷರ ಕೊರೆಯುವ ಕಷ್ಟದಲ್ಲೂ ಎಲ್ಲೆ ಬರೆಯುವುದನ್ನು ಅವರು ಬಿಡಲಿಲ್ಲ. ಎಐ ಏಜೆಂಟ್ ಕೂಡ ಊರು ಗೊತ್ತಿಲ್ಲದ ಓದುಗ. ಅದಕ್ಕೂ ಚಕ್ಕುಬಂದಿ ಬೇಕು.

ನಾವು ಕೇಳುತ್ತಿರುವುದು

ಸರ್ಕಾರದ ಯಾವುದೇ ತಂತ್ರಾಂಶವನ್ನು ಏಜೆಂಟ್‌ಗಳಿಗೆ ತೆರೆಯುವ ಮುಂಚೆ ನಾಲ್ಕು ಕೆಲಸ ಆಗಲಿ.

ಒಂದು, ಹತಾರದ ವಿವರಣೆಯನ್ನು ಕೇಂದ್ರ ನಡೆಸುವವರು, ಗ್ರಾಮ ಆಡಳಿತಾಧಿಕಾರಿಗಳು, ಸರ್ವೆಯವರು ಓದಿ ಸರಿ ಎನ್ನಬೇಕು. ಸರ್ನೋಕ್‌ನ ಗುಟ್ಟು ಗೊತ್ತಿರುವುದು ಅವರಿಗೆ. ಅವರ ಅನುಭವವನ್ನು ಪುಕ್ಕಟೆ ಎತ್ತಿಕೊಳ್ಳಬಾರದು, ಆ ಕೆಲಸಕ್ಕೆ ಸಂಬಳ ಕೊಡಬೇಕು.

ಎರಡು, ನೋಡುವ ಹತಾರ ಬೇರೆ, ಮಾಡುವ ಹತಾರ ಬೇರೆ ಎಂದು ಸ್ಪಷ್ಟವಾಗಿ ಗುರುತಿರಬೇಕು. ಎಂಸಿಪಿ ಪದ್ಧತಿಯಲ್ಲಿ ‘ಇದು ಓದಲು ಮಾತ್ರ’, ‘ಇದು ಅಳಿಸಬಹುದು, ಬದಲಿಸಬಹುದು’ ಎಂದು ಗುರುತು ಹಾಕಲು ಜಾಗವಿದೆ. ಆದರೆ ಗುರುತು ಬರೀ ಸೂಚನೆ, ಬೀಗವಲ್ಲ. ಹಕ್ಕು ಬದಲಿಸುವ, ದುಡ್ಡು ಕಟ್ಟುವ ಕೆಲಸಕ್ಕೆ ಕೊನೆಯ ಒಪ್ಪಿಗೆ ಮನುಷ್ಯನದೇ ಆಗಿರಬೇಕು, ಅದನ್ನು ತಂತ್ರಾಂಶವೇ ತಡೆದು ಕೇಳಬೇಕು.

ಮೂರು, ‘ಮಾಹಿತಿ ಲಭ್ಯವಿಲ್ಲ’ ಎಂಬ ಒಂದೇ ಸಾಲಿನ ಹಿಂದೆ ಎಲ್ಲ ತಪ್ಪನ್ನೂ ಬಚ್ಚಿಡಬಾರದು. ಸರ್ವರ್ ಬಿದ್ದಿದ್ದರೆ ಬಿದ್ದಿದೆ ಎಂದು ಹೇಳಲಿ.

ನಾಲ್ಕು, ಆ ವಿವರಣೆ ಕನ್ನಡದಲ್ಲಿ, ಎಲ್ಲರಿಗೂ ಕಾಣುವಂತೆ ಇರಬೇಕು. ಯಾವಾಗ ಬದಲಾಯಿತು ಎಂಬ ತಾರೀಖೂ ಇರಬೇಕು. 2011ರ ಸಕಾಲ ಕಾಯ್ದೆ ಬಂದ ಮೇಲೆ ಯಾವ ಸೇವೆಗೆ ಎಷ್ಟು ದಿನ ಎಂದು ಆಫೀಸಿನ ಗೋಡೆಯ ಮೇಲೆ ಬರೆದು ಹಾಕಿದರು. ಅದನ್ನು ತೋರಿಸಿ ಕೇಳುವ ಧೈರ್ಯ ಜನಕ್ಕೆ ಬಂತು. ಇದೂ ಹಾಗೆಯೇ ಒಂದು ಬೋರ್ಡ್. ಏಜೆಂಟ್ ತಪ್ಪು ಹೇಳಿದಾಗ, ತಪ್ಪು ಯಂತ್ರದ್ದೋ ಬರೆದುಕೊಟ್ಟವರದೋ ಎಂದು ನೋಡಲು ನಮಗೆ ಬೇರೆ ದಾರಿ ಇಲ್ಲ.

ಇದು ದೂರದ ಮಾತಲ್ಲ. ಕೇಂದ್ರ ಸರ್ಕಾರದ ಭಾಷಿಣಿ 2022ರಲ್ಲೇ ಶುರುವಾಗಿದೆ. ಸರ್ಕಾರದ ಯೋಜನೆಗಳ ಬಗ್ಗೆ ವಾಟ್ಸ್ಆ್ಯಪ್‌ನಲ್ಲಿ ನಮ್ಮ ನಮ್ಮ ಭಾಷೆಯಲ್ಲೇ ಕೇಳಬಹುದಾದ ‘ಜುಗಲ್‌ಬಂದಿ’ ಚಾಟ್‌ಬಾಟ್ 2023ರಲ್ಲಿ ಬಂತು. ಮಾತು ಕೇಳುವ ಯಂತ್ರ ಈಗಾಗಲೇ ಇದೆ, ಕೆಲಸ ಮಾಡುವ ಯಂತ್ರ ಅದರ ಬೆನ್ನ ಹಿಂದೆಯೇ ಇದೆ.

ಅಲ್ಲಿಯವರೆಗೆ ಫೋನಿನಲ್ಲಿ ಎಐ ಬಳಸುವ ಅಣ್ಣಂದಿರು, ಅಕ್ಕಂದಿರು ಇಷ್ಟು ಮಾಡಿ. ಜಮೀನಿನ ಲೆಕ್ಕ ಕೇಳುವಾಗ 2.20 ಎಂದು ಬರೆಯಬೇಡಿ, ‘ಎರಡು ಎಕರೆ ಇಪ್ಪತ್ತು ಗುಂಟೆ’ ಎಂದು ಬಾಯಿಬಿಟ್ಟು ಹೇಳಿ. ಊರಿನ ಜೊತೆ ಹೋಬಳಿ, ತಾಲ್ಲೂಕು ಸೇರಿಸಿ. ‘ಖಾತೆ’ ಅಂದರೆ ಬ್ಯಾಂಕಿನದೋ ಪಂಚಾಯಿತಿಯದೋ ಹೇಳಿ. ಓಟಿಪಿ ಕೊಡಬೇಡಿ. ‘ಇಲ್ಲ’ ಎಂಬ ಉತ್ತರ ಬಂದರೆ ನಂಬಿ ಕೂರಬೇಡಿ, ನಾಡಕಚೇರಿಗೆ ಹೋಗಿ ಒಮ್ಮೆ ಕೇಳಿ.

ನಿಮ್ಮೂರಿನ ಗ್ರಾಮ ಒನ್ ಕೇಂದ್ರದಲ್ಲಿ ಕೆಲಸ ಮಾಡುವವರು ಇದನ್ನು ಓದುತ್ತಿದ್ದರೆ ನಿಮಗೊಂದು ಮಾತು. ನಿಮ್ಮ ತಲೆಯಲ್ಲಿರುವ ಇಂಥ ಹತ್ತು ಗುಟ್ಟುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರು ಮಾಡಿ. ನಾಳೆ ಬೆಂಗಳೂರಿನ ಯಾವುದೋ ಆಫೀಸಿನವರು ಬಂದು ‘ಎಲ್ಲ ನಾವೇ ಮಾಡಿದ್ದೇವೆ’ ಅಂದಾಗ, ‘ಇದರಲ್ಲಿ ಗುಂಟೆ ಎಲ್ಲಿ ಬರೆದಿದ್ದೀರಿ ಸಾರ್?’ ಎಂದು ಕೇಳಲು ಆ ಪುಸ್ತಕ ಕೈಯಲ್ಲಿರಲಿ.